ವಿಷಾದವೂ ಖಿನ್ನತೆಯೂ: ಮಹಾಮಾರಿಯ ವರ್ಷಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ಅಲುಗಿದ ನಂಬಿಕೆಗಳು

ಕನ್ನಡದಲ್ಲಿ 'ವಿಷಾದ' ಮತ್ತು 'ಖಿನ್ನತೆ' ಎಂಬ ಎರಡು ಮಾತುಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುವ ರೂಢಿ ಬಹುಕಾಲದಿಂದ ಇದೆ. ಕಾವ್ಯದಲ್ಲಿ ಇದರಿಂದ ಹಾನಿಯೇನೂ ಇಲ್ಲ. ಆದರೆ 2020 ಮತ್ತು 2021ನೆಯ ಇಸವಿಗಳಲ್ಲಿ ಕೋವಿಡ್ ಮಹಾಮಾರಿಯ ನಡುವೆ ಕಾಲೇಜು ವಿದ್ಯಾರ್ಥಿಗಳ ಮನಸ್ಸಿಗೆ ಏನಾಯಿತೆಂಬುದನ್ನು ವಿಚಾರಿಸಹೊರಟವರಿಗೆ ಈ ಎರಡನ್ನೂ ಬಿಡಿಸಿ ನೋಡದೆ ಗತ್ಯಂತರವಿಲ್ಲ. ಲೋಕವು ತಾನು ನಂಬಿದ್ದಂತೆ ಇಲ್ಲವೆಂಬ ಅರಿವಿನಿಂದ ಹುಟ್ಟುವ ದುಃಖ ಒಂದು. ನಿದ್ರೆ, ಹಸಿವು, ಏಕಾಗ್ರತೆ, ಬದುಕಿನ ಆಸೆ ಇವೆಲ್ಲವನ್ನೂ ಕುಗ್ಗಿಸಿ ವಾರಗಟ್ಟಲೆ ನಿಲ್ಲುವ ರೋಗ ಇನ್ನೊಂದು. ಆ ಎರಡು ವರ್ಷಗಳಲ್ಲಿ ಇವೆರಡೂ ಎಷ್ಟೋ ವೇಳೆ ಒಂದೇ ಕೋಣೆಯಲ್ಲಿ, ಒಬ್ಬನೇ ತರುಣನಲ್ಲಿ ಕೂಡಿ ನೆಲೆಸಿದವು. ಹಿರಿಯರು ಕೆಲವೆಡೆ ರೋಗವನ್ನು ವಿಚಾರವೆಂದು ಬಗೆದು ಉಪದೇಶ ಮಾಡಿದರು. ಕೆಲವೆಡೆ ವಿಚಾರವನ್ನು ರೋಗವೆಂದು ಬಗೆದು ಬಾಯಿ ಮುಚ್ಚಿಸಿದರು. ಎರಡು ತಪ್ಪುಗಳಿಗೂ ಬೆಲೆ ತೆತ್ತವರು ವಿದ್ಯಾರ್ಥಿಗಳೇ.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಮಹಾಮಾರಿಯೆಂದು ಸಾರಿದುದು 2020ರ ಮಾರ್ಚ್ 11ರಂದು. ಭಾರತದಲ್ಲಿ ಈ ರೋಗದಿಂದಾದ ಮೊದಲ ಮರಣ ಕಲಬುರಗಿಯದೆಂದು ದಾಖಲಾದುದು ಅದೇ ವಾರದಲ್ಲಿ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಆ ವೇಳೆಗೆ ಕಾಲೇಜುಗಳೂ ವಿದ್ಯಾರ್ಥಿನಿಲಯಗಳೂ ಬಹುಮಟ್ಟಿಗೆ ಬರಿದಾಗಿದ್ದವು. 2019-20ರ ಸರಕಾರಿ ಗಣನೆಯಂತೆ ದೇಶದ ಉಚ್ಚಶಿಕ್ಷಣದಲ್ಲಿದ್ದವರು ಸುಮಾರು 3.85 ಕೋಟಿ ಮಂದಿ. ಇಷ್ಟು ದೊಡ್ಡ ಸಮುದಾಯವೊಂದು ಒಂದೆರಡು ವಾರಗಳ ಅಂತರದಲ್ಲಿ ತರಗತಿ, ಗ್ರಂಥಾಲಯ, ಕ್ಯಾಂಟೀನುಗಳನ್ನು ಬಿಟ್ಟು ಮನೆಯ ಮೂಲೆಗೆ ಬಂದು ಕುಳಿತ ಸಂಗತಿ ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆಯಲ್ಲಿ ಹಿಂದೆ ನಡೆದುದಲ್ಲ. ಮನೆಯ ಮೂಲೆಯಾದರೂ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಗಳಲ್ಲಿ ನೂರಕ್ಕೆ ಸುಮಾರು 15ಕ್ಕೆ, ಪಟ್ಟಣದ ಮನೆಗಳಲ್ಲಿ ನೂರಕ್ಕೆ 42ಕ್ಕೆ ಮಾತ್ರ ಅಂತರ್ಜಾಲದ ಸೌಕರ್ಯವಿತ್ತು. ಕಂಪ್ಯೂಟರು ಇದ್ದ ಹಳ್ಳಿಮನೆಗಳು ನೂರಕ್ಕೆ ಐದೂ ಇರಲಿಲ್ಲ. ಪಾಠಗಳು ಫೋನಿನ ಪರದೆಗೆ ಇಳಿದಾಗ, ಗುಡ್ಡ ಹತ್ತಿಯೋ ಮರವೇರಿಯೋ ಸಂಕೇತ ಹುಡುಕಿದ ಮಲೆನಾಡಿನ ಹುಡುಗರ ಚಿತ್ರಗಳು ಪತ್ರಿಕೆಗಳಲ್ಲಿ ಬಂದುದನ್ನು ವಾಚಕರು ಮರೆತಿರಲಾರರು.

'ನಂಬಿಕೆ ಅಲುಗಿತು' ಎಂದೊಡನೆ ದೈವಭಕ್ತಿಯ ಮಾತೆಂದು ಭಾವಿಸುವುದು ಸಹಜ. ಗುಡಿ, ಮಸೀದಿ, ಇಗರ್ಜಿಗಳು ಮುಚ್ಚಿದುವು. ಪಂಢರಪುರದ ಕಾಲ್ನಡಿಗೆಯ ವಾರಿ 2020ರಲ್ಲಿ ನಿಂತು ಸಂತರ ಪಾದುಕೆಗಳು ಬಸ್ಸಿನಲ್ಲಿ ಸಾಗಿದುವು. ಆದರೆ ಸಾಂಪ್ರದಾಯಿಕ ಭಕ್ತಿಯು ಇಂತಹ ಪೆಟ್ಟುಗಳನ್ನು ಅರಗಿಸಿಕೊಳ್ಳುವುದರಲ್ಲಿ ಪಳಗಿದೆ. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ತಲೆದೋರಿದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿದಾಗ ಜನರು ರೋಗವನ್ನೇ ಒಬ್ಬ ತಾಯಿಯನ್ನಾಗಿ ಮಾಡಿ ಗುಡಿ ಕಟ್ಟಿದರು. ಪ್ಲೇಗಿನಮ್ಮನ ಆ ಗುಡಿಗಳು ಕರ್ನಾಟಕದಲ್ಲಿ ಇಂದೂ ಇವೆ. 2021ರಲ್ಲಿ ಕೊಯಮತ್ತೂರಿನ ಮಠವೊಂದರಲ್ಲಿ ಕೊರೋನಾ ದೇವಿಯ ವಿಗ್ರಹವೂ ಪ್ರತಿಷ್ಠೆಯಾಯಿತು. ವಿದ್ಯಾವಂತರು ಇದನ್ನು ಕಂಡು ನಗುವುದುಂಟು. ಆದರೆ ಅನಿರೀಕ್ಷಿತವಾದುದಕ್ಕೆ ಒಂದು ಹೆಸರನ್ನೂ ಒಂದು ಮುಖವನ್ನೂ ಕೊಟ್ಟು ಅದರೊಡನೆ ವ್ಯವಹರಿಸುವ ಈ ಉಪಾಯ ಕಾಲೇಜು ವಿದ್ಯಾರ್ಥಿಗೆ ದೊರೆಯುವಂತಿರಲಿಲ್ಲವೆಂಬುದನ್ನು ಗಮನಿಸಬೇಕು. ಅವನ ನಂಬಿಕೆ ಇದ್ದುದು ಬೇರೊಂದು ದೈವದಲ್ಲಿ. ಆ ದೈವದ ಹೆಸರು ಪರೀಕ್ಷೆ.

ಓದಿದರೆ ಅಂಕ, ಅಂಕ ಬಂದರೆ ಪದವಿ, ಪದವಿಯಿಂದ ಉದ್ಯೋಗ, ಉದ್ಯೋಗದಿಂದ ಮನೆತನದ ಉದ್ಧಾರ ಎಂಬ ಈ ಸರಪಣಿ ಹೊರನಾಡಿನ ಕನ್ನಡಿಗರಿಗೆ ಚಿರಪರಿಚಿತವಾದುದು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತು, ಮುಂದೆ ಬ್ಯಾಂಕಿನಲ್ಲಿಯೋ ವಕೀಲಿಯಲ್ಲಿಯೋ ನೆಲೆಯೂರಿದ ತಲೆಮಾರಿಗೆ ಇದು ಬರಿಯ ನಂಬಿಕೆಯಲ್ಲ, ಅನುಭವಸಿದ್ಧವಾದ ಸತ್ಯ. ಅವರು ಅದನ್ನೇ ಮಕ್ಕಳಿಗೂ ಮೊಮ್ಮಕ್ಕಳಿಗೂ ಧಾರೆಯೆರೆದರು. 2020ರಲ್ಲಿ ಈ ಸರಪಣಿಯ ಕೊಂಡಿಗಳು ಒಂದೊಂದಾಗಿ ಸಡಿಲಗೊಂಡುವು. ಅಂತಿಮ ವರ್ಷದ ಪರೀಕ್ಷೆ ನಡೆಯದೆಂದು ಮಹಾರಾಷ್ಟ್ರ ಸರಕಾರ ಜೂನಿನಲ್ಲಿ ಹೇಳಿತು. ಸೆಪ್ಟೆಂಬರ್ ಕೊನೆಯೊಳಗೆ ನಡೆಸಲೇಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ ಜುಲೈ 6ರಂದು ಹೇಳಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಪರೀಕ್ಷೆಯಿಲ್ಲದೆ ಪದವಿ ಕೊಡಲಾಗದು, ಬೇಕಾದರೆ ರಾಜ್ಯಗಳು ಗಡುವಿನ ವಿಸ್ತರಣೆ ಕೇಳಬಹುದು ಎಂಬ ತೀರ್ಪು ಬಂದುದು ಆಗಸ್ಟ್ 28ರಂದು. ಯಾರ ನಿಲುವು ಸರಿಯೆಂಬ ಪ್ರಶ್ನೆ ಇಲ್ಲಿ ಪ್ರಸ್ತುತವಲ್ಲ. ಸುಮಾರು ಮೂರು ತಿಂಗಳ ಕಾಲ, ತಾನು ಓದಬೇಕೋ ಬಿಡಬೇಕೋ ಎಂಬುದೇ ವಿದ್ಯಾರ್ಥಿಗೆ ತಿಳಿಯದಿದ್ದುದು ಪ್ರಸ್ತುತ. ಅತ್ತ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗದಷ್ಟು ಕುಸಿಯಿತೆಂಬ ಅಂದಾಜು ಹೊರಬಿದ್ದಿತು. ಕೈಗೆ ಬಂದಿದ್ದ ನೇಮಕದ ಪತ್ರಗಳು ಎಷ್ಟೋ ಕಡೆ ಮುಂದಕ್ಕೆ ಹೋದುವು, ಕೆಲವು ರದ್ದಾದುವು.

ಹೀಗೆ ಕುಸಿಯುವುದು ಏನು ಎಂಬುದನ್ನು ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ರಾನಿ ಜಾನಾಫ್-ಬುಲ್ಮನ್ ಮುಖ್ಯರು. ಮನುಷ್ಯನು ಮೂರು ಗ್ರಹಿಕೆಗಳ ಮೇಲೆ, ತನಗೇ ತಿಳಿಯದಂತೆ, ಬದುಕನ್ನು ಕಟ್ಟಿಕೊಂಡಿರುತ್ತಾನೆಂದು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಪ್ರತಿಪಾದಿಸಿದರು. ಲೋಕವು ಒಟ್ಟಿನಲ್ಲಿ ಒಳ್ಳೆಯದು, ಲೋಕದಲ್ಲಿ ನಡೆಯುವುದಕ್ಕೆ ಅರ್ಥವೂ ಕ್ರಮವೂ ಇದೆ, ತಾನು ಯೋಗ್ಯನಾದವನು. ಇವು ಯಾರೂ ಬಾಯಿಬಿಟ್ಟು ಹೇಳುವ ಸಿದ್ಧಾಂತಗಳಲ್ಲ. ಮನೆಯ ಅಡಿಪಾಯದಂತೆ ನೆಲದೊಳಗೆ ಇರುವುವು. ಭೂಮಿ ನಡುಗಿದಾಗಲೇ ಅವುಗಳ ಇರವು ತಿಳಿಯುವುದು. ದೊಡ್ಡ ಆಘಾತಕ್ಕೆ ಸಿಕ್ಕಿದವರು ದುಃಖದ ಜತೆಗೆ ಒಂದು ಬಗೆಯ ದಿಗ್ಭ್ರಮೆಯನ್ನೂ ಅನುಭವಿಸುವುದು ಏಕೆಂಬುದಕ್ಕೆ ಈ ವಿವರಣೆಯಿಂದ ಬೆಳಕು ದೊರೆಯುತ್ತದೆ. ಇದರಿಂದ ಹೊರಡುವ ಇನ್ನೊಂದು ಮಾತೂ ವಿಚಾರಾರ್ಹವಾದುದು. ಬಾಲ್ಯದಿಂದಲೂ ಕಷ್ಟವನ್ನೇ ಕಂಡವನಿಗೆ ಲೋಕವು ಒಳ್ಳೆಯದೆಂಬ ಭ್ರಮೆ ಮೊದಲೇ ಕಡಿಮೆಯಾಗಿರುವುದರಿಂದ, ಒಡೆಯಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಸುಖವಾಗಿ ಬೆಳೆದವನ ಅಡಿಪಾಯವೇ ಹೆಚ್ಚು ಸದ್ದುಮಾಡಿ ಬಿರಿಯುತ್ತದೆ. ಬಡ ವಿದ್ಯಾರ್ಥಿಗೆ ದುಃಖ ಕಡಿಮೆಯಾಗಿತ್ತೆಂದು ಇದರ ಅರ್ಥವಲ್ಲ. ಅವನ ದುಃಖಕ್ಕೆ ಕಾರಣ ಕಣ್ಣೆದುರಿಗಿತ್ತು: ತಂದೆಯ ನಿಂತ ಕೂಲಿ, ಕಟ್ಟಲಾಗದ ಫೀಸು, ಮನೆಯವರೆಲ್ಲರಿಗೂ ಇರುವ ಒಂದೇ ಫೋನು. ಅನುಕೂಲಸ್ಥನ ದುಃಖಕ್ಕೆ ಕಾರಣ ಕಾಣುತ್ತಿರಲಿಲ್ಲ. ಕಾರಣ ಕಾಣದ್ದೇ ಅವನಿಗೆ ಇನ್ನೊಂದು ನಾಚಿಕೆಯಾಯಿತು.

ಗಡಿನಾಡಿನ ಮತ್ತು ಹೊರನಾಡಿನ ಕನ್ನಡಿಗರ ಪಾಲಿಗೆ ಇನ್ನೂ ಒಂದು ಗ್ರಹಿಕೆ ಒಡೆಯಿತು. ಎಲ್ಲಿದ್ದರೂ ಊರು ಎಂಬುದೊಂದಿದೆ, ಅದರ ಬಾಗಿಲು ತೆರೆದೇ ಇರುತ್ತದೆ ಎಂಬುದೇ ಆ ಗ್ರಹಿಕೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಕರ್ನಾಟಕ ಮುಚ್ಚಿದಾಗ, ಆಸ್ಪತ್ರೆಗೂ ಕಾಲೇಜಿಗೂ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನವರು ರಸ್ತೆಗೆ ಸುರಿದ ಮಣ್ಣಿನ ರಾಶಿಯ ಈಚೆ ನಿಲ್ಲಬೇಕಾಯಿತು. ವಿಷಯ ಕೇರಳದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮೇ 18ರಂದು ಮಹಾರಾಷ್ಟ್ರ, ಗುಜರಾತು, ತಮಿಳುನಾಡು, ಕೇರಳಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಕರ್ನಾಟಕದೊಳಗೆ ಪ್ರವೇಶವಿಲ್ಲವೆಂಬ ನಿರ್ಧಾರ ಹೊರಬಿದ್ದಿತು. ರೋಗನಿವಾರಣೆಯ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಇದ್ದಿರಬಹುದು. ಆದರೆ ಮುಂಬಯಿಯ ಚಾಳಿನಲ್ಲಿಯೋ ಪುಣೆಯ ಬಾಡಿಗೆ ಕೋಣೆಯಲ್ಲಿಯೋ ಇದ್ದ ಉಡುಪಿ, ಕಲಬುರಗಿ, ವಿಜಯಪುರಗಳ ಹುಡುಗನಿಗೆ ತಾನು 'ಹೊರಗಿನವ'ನೆಂದು ಊರೇ ಹೇಳಿದಂತಾಯಿತು. ಹೇಗೋ ಊರು ಸೇರಿದವನನ್ನು ಊರಿನವರು ಬಾಗಿಲ ಸಂದಿಯಿಂದ ನೋಡಿದರು. 'ಮುಂಬಯಿಯಿಂದ ಬಂದವನು' ಎಂಬ ಮಾತು ಒಂದು ಕಾಲಕ್ಕೆ ಮೆಚ್ಚಿಕೆಯ ಮಾತಾಗಿದ್ದುದು ಆ ಬೇಸಗೆಯಲ್ಲಿ ದೂರುವ ಮಾತಾಯಿತು.

ದೂರುವುದರ ಹಿಂದೆಯೂ ಒಂದು ನಂಬಿಕೆ ಇದೆ. ಮೆಲ್ವಿನ್ ಲರ್ನರ್ ಎಂಬ ವಿದ್ವಾಂಸರು 1966ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಲಿಕೆಯ ಪರೀಕ್ಷೆಯಲ್ಲಿ ತಪ್ಪಿದಾಗಲೆಲ್ಲ ವಿದ್ಯುದಾಘಾತಕ್ಕೆ ಗುರಿಯಾಗುವಂತೆ ನಟಿಸುವ ಯುವತಿಯೊಬ್ಬಳನ್ನು ಕಾಲೇಜು ವಿದ್ಯಾರ್ಥಿನಿಯರಿಗೆ ತೋರಿಸಲಾಯಿತು. ಅವಳ ಕಷ್ಟವನ್ನು ನಿಲ್ಲಿಸುವ ಅವಕಾಶ ದೊರೆತಾಗ ನೋಡುಗರು ಅದನ್ನು ಬಳಸಿಕೊಂಡರು. ಆ ಅವಕಾಶವಿಲ್ಲದೆ, ಕಷ್ಟ ಮುಂದುವರಿಯುವುದೆಂದು ತಿಳಿದವರು ಅವಳನ್ನೇ ಹೀನವಾಗಿ ಎಣಿಸತೊಡಗಿದರು. ಲೋಕ ನ್ಯಾಯವಾದುದೆಂಬ ನಂಬಿಕೆಯನ್ನು ಉಳಿಸಿಕೊಳ್ಳಬೇಕಾದರೆ, ನೊಂದವರು ನೋವಿಗೆ ತಕ್ಕವರೇ ಆಗಿರಬೇಕಷ್ಟೆ! ಸೋಂಕು ತಗಲಿದವನ ಬಗೆಗೆ 'ಮುಖಕವಚ ಹಾಕಿರಲಿಲ್ಲ, ಎಲ್ಲೆಲ್ಲೋ ತಿರುಗಿದ' ಎಂದು ಜನ ಆಡಿಕೊಂಡುದು ಈ ಜಾತಿಯದೇ.

ವಿದ್ಯಾರ್ಥಿಗಳಲ್ಲಿ ಈ ದೂಷಣೆ ಎಷ್ಟೋ ಸಲ ಒಳಮುಖವಾಯಿತು. ಅಂಗಡಿಗೆ ಹೋಗಿ ಬಂದುದರಿಂದಲೋ ಗೆಳೆಯನನ್ನು ಕಂಡುದರಿಂದಲೋ ತಾನೇ ಮನೆಗೆ ಸೋಂಕು ತಂದೆನೆಂದು, ಅಜ್ಜಿಯ ಅಥವಾ ತಂದೆಯ ಮರಣಕ್ಕೆ ತಾನೇ ಕಾರಣನೆಂದು ಬಗೆದವರ ಅಳಲು ಆ ಕಾಲದ ಮನೋವೈದ್ಯರಿಗೆ ಅಪರಿಚಿತವಲ್ಲ. ಇಲ್ಲಿ ಜಾನಾಫ್-ಬುಲ್ಮನ್ ಅವರು 1979ರಲ್ಲಿ ಮಾಡಿದ ಸೂಕ್ಷ್ಮವಾದ ಒಂದು ವಿಂಗಡಣೆ ಉಪಯುಕ್ತವಾಗಿದೆ. 'ನಾನು ಹಾಗೆ ಮಾಡಬಾರದಾಗಿತ್ತು' ಎಂಬುದು ಒಂದು ಬಗೆಯ ಆತ್ಮನಿಂದೆ. 'ನಾನು ಇಂಥವನೇ' ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕೃತ್ಯ ತಪ್ಪು. ಮುಂದೆ ಬೇರೆ ರೀತಿ ಮಾಡಬಹುದೆಂಬ ಆಸೆಗೆ ಎಡೆಯಿದೆ. ಎರಡನೆಯದರಲ್ಲಿ ಮನುಷ್ಯನೇ ತಪ್ಪು. ತಿದ್ದುವುದಕ್ಕೆ ಏನೂ ಉಳಿಯದು. ಕಾಲೇಜು ವಿದ್ಯಾರ್ಥಿನಿಯರನ್ನು ಹೋಲಿಸಿ ನೋಡಿದಾಗ, ಖಿನ್ನರಾದವರಲ್ಲಿ ಎರಡನೆಯ ಬಗೆಯ ನಿಂದೆ ಹೆಚ್ಚಾಗಿ ಕಂಡುಬಂದಿತು. ಮೊದಲನೆಯದರಲ್ಲಿ ಅಂತಹ ಭೇದ ಕಾಣಲಿಲ್ಲ. ವಿಷಾದವು ಖಿನ್ನತೆಗೆ ದಾಟುವ ಕಾಲುಸಂಕ ಇಲ್ಲಿಯೇ ಎಲ್ಲಿಯೋ ಇರುವಂತೆ ತೋರುತ್ತದೆ. ಪರೀಕ್ಷೆ ಮುಂದಕ್ಕೆ ಹೋದುದರಿಂದ ಓದು ನಿಂತಿತು ಎನ್ನುವವನು ಇನ್ನೂ ವಿಷಾದದ ದಡದಲ್ಲಿದ್ದಾನೆ. ತಾನು ಯಾತಕ್ಕೂ ಬಾರದವನು, ಓದು ನಿಂತುದು ಅದಕ್ಕೆ ಸಾಕ್ಷಿ ಎನ್ನುವವನು ಆಚೆಯ ದಡಕ್ಕೆ ಹೋಗಿರಬಹುದು.

ಆಚೆಯ ದಡದ ಗುರುತುಗಳನ್ನು ವೈದ್ಯಶಾಸ್ತ್ರ ಸಾಕಷ್ಟು ಖಚಿತವಾಗಿ ಹೇಳಿದೆ. ಬೇಸರ ಕವಿದ ಮನಸ್ಸು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರೆಯ ಮತ್ತು ಹಸಿವಿನ ಏರುಪೇರು, ಆಯಾಸ, ಚಲನೆಯಲ್ಲಿ ಜಡತೆ ಅಥವಾ ಚಡಪಡಿಕೆ, ತಾನು ನಿಷ್ಪ್ರಯೋಜಕನೆಂಬ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇಂತಹ ಒಂಬತ್ತು ಲಕ್ಷಣಗಳಲ್ಲಿ ಐದಾದರೂ, ಮೊದಲ ಎರಡರಲ್ಲಿ ಒಂದು ಸೇರಿ, ಎರಡು ವಾರ ಬಿಡದೆ ಇದ್ದು ದಿನದ ಕೆಲಸಕ್ಕೆ ಅಡ್ಡಬಂದರೆ ಅದು ಖಿನ್ನತೆಯ ರೋಗ. ಕಾರಣ ಮಹಾಮಾರಿಯೇ ಆಗಿರಲಿ, ಕಾರಣವೇ ಇಲ್ಲದಿರಲಿ, ಲಕ್ಷಣ ಕೂಡಿಬಂದರೆ ಚಿಕಿತ್ಸೆ ಬೇಕು. ಭಗವದ್ಗೀತೆಯ ಮೊದಲ ಅಧ್ಯಾಯವನ್ನು ಇಲ್ಲಿ ಸ್ಮರಿಸುವವರು ಬಹಳ. ಅರ್ಜುನನ ಅಂಗಗಳು ಸೋತು, ಬಾಯಿ ಒಣಗಿ, ಗಾಂಡೀವ ಜಾರಿದುದನ್ನು ಖಿನ್ನತೆಯ ವರ್ಣನೆಯೆಂದು ಅವರು ಹೇಳುತ್ತಾರೆ. ಹೋಲಿಕೆ ಸೊಗಸಾಗಿದ್ದರೂ ಪೂರ್ತಿ ಹೊಂದುವುದಿಲ್ಲ. ಅರ್ಜುನನದು ವಿಷಾದ, ಅದು ಒಂದು ಧರ್ಮಸಂಕಟದ ಎದುರು, ರಣರಂಗದ ಒಂದು ಗಳಿಗೆಯಲ್ಲಿ ಹುಟ್ಟಿದುದು. ಅವನು ವಾದಿಸಬಲ್ಲ, ಕೇಳಬಲ್ಲ, ಮರುಪ್ರಶ್ನೆ ಹಾಕಬಲ್ಲ. ಖಿನ್ನತೆ ತೀವ್ರವಾದವನು ಪ್ರಶ್ನೆ ಕೇಳುವ ಚೈತನ್ಯವನ್ನೇ ಕಳೆದುಕೊಂಡಿರುತ್ತಾನೆ. ಅವನ ಮುಂದೆ ಹದಿನೆಂಟು ಅಧ್ಯಾಯ ಹೇಳಿ ಪ್ರಯೋಜನವಿಲ್ಲ.

ಎಷ್ಟು ಮಂದಿ ವಿದ್ಯಾರ್ಥಿಗಳು ಈ ರೋಗಕ್ಕೆ ಸಿಕ್ಕಿದರೆಂಬ ಪ್ರಶ್ನೆಗೆ ಸಿಗುವ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆ ವರ್ಷಗಳಲ್ಲಿ ನಡೆದ ಸಮೀಕ್ಷೆಗಳು ಬಹುಪಾಲು ಫೋನಿನಲ್ಲಿ ಕಳುಹಿಸಿದ ಪ್ರಶ್ನಾವಳಿಗಳು. ಮನಸ್ಸಿದ್ದವರು ತುಂಬಿದರು, ಫೋನೇ ಇಲ್ಲದವರು ಲೆಕ್ಕಕ್ಕೆ ಬರಲಿಲ್ಲ. ಹೆಚ್ಚು ಬಳಕೆಯಲ್ಲಿರುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 10 ಅಂಕ ಬಂದವರನ್ನೆಲ್ಲ ಖಿನ್ನರೆಂದು ಎಣಿಸಿದರೆ, ನುರಿತವರು ಎದುರು ಕೂರಿಸಿಕೊಂಡು ವಿಚಾರಿಸಿದಾಗ ಸಿಗುವ ಸಂಖ್ಯೆಯ ಸುಮಾರು ಇಮ್ಮಡಿಯಾಗುತ್ತದೆಂದು 2020ರಲ್ಲಿಯೇ ತೋರಿಸಲಾಗಿತ್ತು. ಆ ಪಟ್ಟಿ ಇರುವುದು ಜರಡಿ ಹಿಡಿಯುವುದಕ್ಕೆ, ರೋಗನಿರ್ಣಯಕ್ಕಲ್ಲ. ಆದರೂ ಏರಿಕೆ ಸುಳ್ಳಲ್ಲ. ಜಗತ್ತಿನ ಅನೇಕ ದೇಶಗಳ ಸಮೀಕ್ಷೆಗಳನ್ನು ಕೂಡಿಸಿ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, 2020ರಲ್ಲಿ ಮಹಾಮಾರಿಯ ಕಾರಣದಿಂದ ತೀವ್ರ ಖಿನ್ನತೆಯ ಪ್ರಕರಣಗಳು ನೂರಕ್ಕೆ ಸುಮಾರು 28ರಷ್ಟು ಹೆಚ್ಚಿದುವು. ಹಿರಿಯರಿಗಿಂತ ಕಿರಿಯರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಏರಿಕೆ ಹೆಚ್ಚಾಗಿತ್ತು. ಭಾರತದ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಲೆಕ್ಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 2019ರಲ್ಲಿ 10,335, 2020ರಲ್ಲಿ 12,526, 2021ರಲ್ಲಿ 13,089. ಇದರಲ್ಲಿ ಶಾಲೆಯ ಮಕ್ಕಳೂ ಸೇರಿದ್ದಾರೆ. ಆತ್ಮಹತ್ಯೆಗೆ ಒಂದೇ ಕಾರಣ ಹೇಳುವುದೂ ಸಲ್ಲದು.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಒಂದು ಅಧ್ಯಯನ ಉಳಿದವುಗಳಿಗಿಂತ ಬೆಲೆಯುಳ್ಳದ್ದು. ಏಕೆಂದರೆ ಮಹಾಮಾರಿಗೆ ಮೊದಲಿನಿಂದಲೇ ಅವರ ನಡಿಗೆ, ನಿದ್ರೆ, ಮನಃಸ್ಥಿತಿಗಳ ಲೆಕ್ಕ ಇಡಲಾಗುತ್ತಿತ್ತು. ದಿನಕ್ಕೆ ಸುಮಾರು 10,000 ಹೆಜ್ಜೆ ನಡೆಯುತ್ತಿದ್ದವರು 4,600ಕ್ಕೆ ಇಳಿದರು; ಪರದೆಯ ಮುಂದಿನ ಹೊತ್ತು ಇಮ್ಮಡಿಯಾಗಿ ಐದು ಗಂಟೆ ಮೀರಿತು; ಬೇರೆಯವರೊಡನೆ ಕಳೆಯುವ ಹೊತ್ತು ಅರ್ಧಕ್ಕಿಂತ ಕೆಳಗಿಳಿದು ದಿನಕ್ಕೆ ಅರ್ಧ ಗಂಟೆಯೂ ಉಳಿಯಲಿಲ್ಲ. ಖಿನ್ನತೆಯ ಅಪಾಯದಲ್ಲಿದ್ದವರ ಪ್ರಮಾಣ ಬಹುಮಟ್ಟಿಗೆ ಇಮ್ಮಡಿಸಿತು. ಆಮೇಲೆ ಕೆಲವರಿಗೆ ಬಹುಮಾನದ ಆಸೆ ತೋರಿಸಿ ನಡಿಗೆಯನ್ನು ಹೆಚ್ಚಿಸಲಾಯಿತು. ನಡಿಗೆ ಹೆಚ್ಚಿತು, ಆದರೆ ಮನಸ್ಸು ಮೇಲೇಳಲಿಲ್ಲ. 'ಹೊರಗೆ ಹೋಗಿ ನಾಲ್ಕು ಹೆಜ್ಜೆ ನಡೆದು ಬಾ, ಎಲ್ಲ ಸರಿಹೋಗುತ್ತದೆ' ಎಂಬ ಮನೆಮನೆಯ ಸಲಹೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಹೆಜ್ಜೆ ಹಾಕುವವನಿಗೆ ಹೋಗಲು ಒಂದು ಜಾಗವೂ ಅಲ್ಲಿ ಕಾಯುವ ಒಬ್ಬರೂ ಇಲ್ಲದ ಮೇಲೆ ಹೆಜ್ಜೆಯ ಎಣಿಕೆಯಿಂದೇನು?

ನಂಬಿಕೆ ಅಲುಗುವುದು ಕಾಲೇಜಿನ ವಯಸ್ಸಿನಲ್ಲಿ ಅಸಹಜವೇನೂ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಹಾರ್ವರ್ಡಿನಲ್ಲಿ ವಿಲಿಯಂ ಪೆರ್ರಿಯವರು ವಿದ್ಯಾರ್ಥಿಗಳನ್ನು ವರ್ಷವರ್ಷವೂ ಸಂದರ್ಶಿಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೇ ಇದು. ಕಾಲೇಜಿಗೆ ಬರುವಾಗ ಹುಡುಗನಿಗೆ ಪ್ರತಿಯೊಂದು ಪ್ರಶ್ನೆಗೂ ಸರಿಯುತ್ತರ ಒಂದಿದೆ, ಅದು ಅಧ್ಯಾಪಕನಿಗೆ ಗೊತ್ತಿದೆ. ಕ್ರಮೇಣ ಆ ನೆಲ ಕದಲುತ್ತದೆ. ಎಲ್ಲ ಅಭಿಪ್ರಾಯಗಳೂ ಒಂದೇ ಎಂಬ ಶೂನ್ಯ ಕೆಲಕಾಲ ಕವಿಯುತ್ತದೆ. ಅದನ್ನು ದಾಟಿ, ಖಚಿತತೆಯಿಲ್ಲದ ಲೋಕದಲ್ಲಿಯೂ ತನ್ನದೆಂಬ ನಿಲುವೊಂದನ್ನು ಅವನು ಆರಿಸಿಕೊಳ್ಳುತ್ತಾನೆ. ಈ ಪಯಣ ಸಾಗುವುದು ಬರಿಯ ಪಾಠದಿಂದಲ್ಲ. ತರಗತಿಯ ಹೊರಗಿನ ಜಗುಲಿ, ವಿದ್ಯಾರ್ಥಿನಿಲಯದ ನಡುರಾತ್ರಿಯ ಹರಟೆ, ತನ್ನಂತೆಯೇ ಗೊಂದಲಗೊಂಡ ಇನ್ನೊಬ್ಬನಿದ್ದಾನೆಂಬ ಧೈರ್ಯ, ಇದೇ ಹಾದಿಯನ್ನು ದಾಟಿದ ಮೇಷ್ಟರೊಬ್ಬರ ಮುಗುಳ್ನಗೆ ಇವೆಲ್ಲ ಆ ಪಯಣದ ಆಧಾರಗಳು. ಮಹಾಮಾರಿ ತಂದ ವಿಶೇಷವಾದ ಕೇಡು ಇದು: ನೆಲ ಕದಲುವುದು ಎಂದಿಗಿಂತ ಹೆಚ್ಚಾಯಿತು, ಜಗುಲಿ ಇಲ್ಲವಾಯಿತು. ಪರದೆಯ ಮೇಲೆ ಚೌಕಚೌಕವಾಗಿ ಕಾಣುವ, ಎಷ್ಟೋ ವೇಳೆ ಬರಿಯ ಹೆಸರಾಗಿ ಮಾತ್ರ ಕಾಣುವ ಸಹಪಾಠಿಗಳೊಡನೆ ಪಾಠ ಕೇಳಬಹುದಿತ್ತು. ಒಟ್ಟಿಗೆ ಗೊಂದಲಗೊಳ್ಳುವುದು ಸಾಧ್ಯವಿರಲಿಲ್ಲ.

ಹಾಗಾದರೆ ಮರಳಿ ಆಧಾರ ಸಿಗುವುದೆಲ್ಲಿ? 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೈಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಏನು ಮಾಡಿದರೂ ನಿಲ್ಲದ ಆಘಾತಕ್ಕೆ ಗುರಿಯಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದಾಗಲೂ ಮಲಗಿಯೇ ಇದ್ದುವು. ಇದನ್ನು 'ಕಲಿತ ಅಸಹಾಯಕತೆ' ಎಂದು ಕರೆದು ಖಿನ್ನತೆಗೆ ಹೋಲಿಸಿದರು. ಅರ್ಧ ಶತಮಾನದ ಬಳಿಕ, 2016ರಲ್ಲಿ, ಅದೇ ವಿದ್ವಾಂಸರು ಮಿದುಳಿನ ಸಂಶೋಧನೆಗಳ ಆಧಾರದಿಂದ ತಮ್ಮ ಮಾತನ್ನು ತಾವೇ ತಿರುಗಿಸಿದರು. ದೀರ್ಘವಾದ ಕಷ್ಟದ ಎದುರು ಸುಮ್ಮನಾಗುವುದು ಪ್ರಾಣಿಯ ಮೂಲಸ್ವಭಾವವೇ. ಕಲಿಯಬೇಕಾದುದು ಹತೋಟಿಯನ್ನು, ಅಂದರೆ ತನ್ನ ಕೃತಿಗೆ ಫಲವುಂಟೆಂಬುದನ್ನು. ತಮ್ಮದೇ ಸಿದ್ಧಾಂತವನ್ನು ಬುಡಮೇಲು ಮಾಡಿಕೊಳ್ಳುವ ಪ್ರಾಮಾಣಿಕತೆ ಶಾಸ್ತ್ರಜ್ಞರಲ್ಲಿಯೂ ಅಪರೂಪ. ಇದರಿಂದ ದೊರೆಯುವ ಅರಿವು ಮುಖ್ಯವಾದುದು: ಕೈಚೆಲ್ಲಿ ಕುಳಿತ ವಿದ್ಯಾರ್ಥಿಯು ಯಾವುದೋ ದೌರ್ಬಲ್ಯವನ್ನು ಕಲಿತವನಲ್ಲ, ಮಾಡಿದ್ದಕ್ಕೆ ಫಲ ಕಾಣುವ ಸಂದರ್ಭ ಅವನಿಗೆ ತಪ್ಪಿಹೋಗಿದೆ.

2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಎದ್ದು ದಿನಕ್ಕೆ ನಾಲ್ಕು ಲಕ್ಷಕ್ಕೂ ಮೀರಿ ಹೊಸ ರೋಗಿಗಳು ದಾಖಲಾಗುತ್ತಿದ್ದಾಗ, ದಿಲ್ಲಿ, ಮುಂಬಯಿ, ಬೆಂಗಳೂರುಗಳಲ್ಲಿ ಅಸಂಖ್ಯ ವಿದ್ಯಾರ್ಥಿಗಳು ಫೋನು ಹಿಡಿದು ಕುಳಿತರು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ, ಎಲ್ಲಿ ಆಮ್ಲಜನಕದ ಸಿಲಿಂಡರು ಸಿಗುತ್ತದೆ, ಯಾವ ಸಂಖ್ಯೆ ಸುಳ್ಳು ಎಂಬುದನ್ನು ಒಂದೊಂದಾಗಿ ವಿಚಾರಿಸಿ ಪಟ್ಟಿಮಾಡಿ ಹಂಚಿದರು. ಇವರಲ್ಲಿ ಕೆಲವರಿಗೆ ಅದೇ ಊರುಗೋಲಾಯಿತು: ಕರೆ ಮಾಡಿದರೆ ಹಾಸಿಗೆ ಸಿಕ್ಕಿತು, ಒಂದು ಜೀವ ಉಳಿಯಿತು. ಇನ್ನು ಕೆಲವರಿಗೆ ಅದೇ ಭಾರವಾಯಿತು. ಹಾಸಿಗೆ ಹುಡುಕಿ ತಿರುಗಿ ಕರೆ ಮಾಡುವಷ್ಟರಲ್ಲಿ 'ಬೇಡ, ಆಗಿಹೋಯಿತು' ಎಂಬ ಉತ್ತರ ಬಂದ ರಾತ್ರಿಗಳನ್ನು ಇಪ್ಪತ್ತು ವರ್ಷದವರು ಹೊತ್ತು ನಡೆಯಬೇಕಾಯಿತು. ಆಘಾತದಿಂದ ಮನುಷ್ಯ ಬೆಳೆಯುತ್ತಾನೆಂಬ ವಾದವೂ ಮನಶ್ಶಾಸ್ತ್ರದಲ್ಲಿ ಇದೆ. ಕೆಲವರು ಬೆಳೆಯುವುದು ನಿಜ; ಅದನ್ನು ಎಲ್ಲರಿಂದಲೂ ನಿರೀಕ್ಷಿಸುವುದು ನೊಂದವರ ಮೇಲೆ ಇನ್ನೊಂದು ಪರೀಕ್ಷೆಯನ್ನು ಹೇರಿದಂತೆ.

ಹೊರನಾಡಿನ ಮನೆಗಳಲ್ಲಿ ಈ ಎಲ್ಲದರ ಮೇಲೆ ಭಾಷೆಯ ತೊಡಕೊಂದು ಸೇರುತ್ತದೆ. ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಬೆಳೆದ ಮಗಳು ತನ್ನ ಸ್ಥಿತಿಯನ್ನು ಇಂಗ್ಲಿಷಿನ 'ಡಿಪ್ರೆಶನ್' ಎಂಬ ಮಾತಿನಿಂದಲೇ ಅರಿತಿರುತ್ತಾಳೆ. ತಾಯಿಯ ಕಿವಿಗೆ ಅದು ಒಂದೋ ಹುಚ್ಚಿನ ಹತ್ತಿರದ ಭಯಂಕರ ರೋಗ, ಇಲ್ಲವೆ ಶ್ರೀಮಂತರ ಶೋಕಿ. ಮಗಳು ಅದನ್ನೇ ಕನ್ನಡಕ್ಕೆ ತಿರುಗಿಸಿ 'ಅಮ್ಮಾ, ಬೇಜಾರು' ಎಂದರೆ ಅರ್ಥ ಇನ್ನೂ ತೆಳುವಾಗುತ್ತದೆ. ಪಾರಸಿ ಮೂಲದ ಈ 'ಬೇಜಾರು' ಕನ್ನಡದಲ್ಲಿ ಎಲ್ಲವನ್ನೂ ಹೊತ್ತುಕೊಂಡಿದೆ: ಹೊತ್ತು ಹೋಗದಿರುವುದೂ ಬೇಜಾರು, ಗೆಳತಿ ಮುನಿದುದೂ ಬೇಜಾರು, ಬದುಕೇ ಬೇಡವೆನಿಸುವುದೂ ಬೇಜಾರು. ದಕ್ಷಿಣ ಕನ್ನಡದ 'ಮಂಡೆಬಿಸಿ'ಯಲ್ಲಿ ಚಿಂತೆಯ ಅಂಶ ಹೆಚ್ಚು, ಕುಗ್ಗುವಿಕೆ ಕಡಿಮೆ. ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿದೆಯೆಂದು ಇದರಿಂದ ತೀರ್ಮಾನಿಸಬಾರದು. 'ಕೊರವಂಜಿ'ಯನ್ನು ನಡೆಸಿ ನಾಡನ್ನು ನಗಿಸಿದ ವೈದ್ಯ ರಾಶಿ, ಅಂದರೆ ಎಂ. ಶಿವರಾಂ ಅವರು, ಮನೋವ್ಯಾಧಿಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕತೆ, ಕಾದಂಬರಿ, ಕಾವ್ಯಗಳಿಗೆ ಹೆಚ್ಚಾಗಿ ಸಲ್ಲುವ ಪ್ರಶಸ್ತಿಯನ್ನು ಮನಶ್ಶಾಸ್ತ್ರದ ಗ್ರಂಥವೊಂದು ಪಡೆದುದು ಸಣ್ಣ ಸಂಗತಿಯಲ್ಲ. ಆ ಪದಸಂಪತ್ತು ಪುಸ್ತಕಗಳಲ್ಲಿ ಉಳಿದು, ಹೊರನಾಡಿನ ಅಡುಗೆಮನೆಯ ಮಾತಿಗೆ ಇಳಿಯಲಿಲ್ಲವೆಂಬುದೇ ಕೊರತೆ.

ಚಿಕಿತ್ಸೆಯ ಏರ್ಪಾಡು ಮೊದಲೇ ಸಾಲದಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯುಳ್ಳವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಮಹಾಮಾರಿಯ ನಡುವೆ, 2020ರ ಜುಲೈಯಲ್ಲಿ, ವಿದ್ಯಾರ್ಥಿಗಳಿಗಾಗಿ ಕೇಂದ್ರದ 'ಮನೋದರ್ಪಣ' ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಗೆ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಶುಲ್ಕವಿಲ್ಲದೆ ಕರೆ ಮಾಡಬಹುದು. ಕರೆ ಮಾಡಿದವನು ತನ್ನ ಭಾಷೆಯನ್ನು ಆರಿಸಿಕೊಳ್ಳಬಹುದೆಂಬುದು ದಿಲ್ಲಿಯಲ್ಲಿಯೋ ಮುಂಬಯಿಯಲ್ಲಿಯೋ ಒಂಟಿಯಾಗಿರುವ ಕನ್ನಡದ ಹುಡುಗನಿಗೆ ತಿಳಿದಿರಬೇಕಾದ ಸಂಗತಿ. ಆತ್ಮಹತ್ಯೆಯ ಯೋಚನೆ ಸುಳಿದವರು ಮಾತ್ರವಲ್ಲ, ಎರಡು ವಾರದಿಂದ ನಿದ್ರೆಗೆಟ್ಟವರೂ ಅಲ್ಲಿ ಮಾತನಾಡಬಹುದು. ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ಪರಿಶೀಲಿಸಲು 2025ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಅದೇ ವರ್ಷದ ಜುಲೈಯಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ತರಬೇತಿ ಪಡೆದ ಸಲಹೆಗಾರರೊಬ್ಬರನ್ನು ಇಟ್ಟುಕೊಳ್ಳಬೇಕೆಂದು ನಿರ್ದೇಶಿಸಿತು.

2020ರಲ್ಲಿ ಮೂರು ವರ್ಷದ ಪದವಿಗೆ ಸೇರಿದವರು 2023ರಲ್ಲಿ ಹೊರಬಂದರು. ಅವರಲ್ಲಿ ಅನೇಕರು ತಮ್ಮ ಕಾಲೇಜಿನ ಮೆಟ್ಟಿಲನ್ನು ಮೊದಲ ಬಾರಿಗೆ ತುಳಿದುದು ಎರಡನೆಯ ವರ್ಷದಲ್ಲಿ. ಈಗ ಅವರು ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಶಾಲೆಗಳಲ್ಲಿಯೂ ದುಡಿಯುತ್ತಿದ್ದಾರೆ. ಆ ವರ್ಷಗಳ ಮಾತೆತ್ತಿದರೆ ಕೆಲವರು ನಕ್ಕು ಮಾತು ಬದಲಿಸುತ್ತಾರೆ. ಕೆಲವರು, ಕೇಳುವವರು ಸ್ವಲ್ಪ ಹೊತ್ತು ಕುಳಿತರೆ, ಹೇಳತೊಡಗುತ್ತಾರೆ.